ಅರ್ಧ ಎಳೆದ ಕುದುರೆ

2024ರ ಮಾರ್ಚ್ 16ರಂದು ಲೋಕಸಭೆ ಚುನಾವಣೆಯ ದಿನಾಂಕ ಪ್ರಕಟವಾದ ಬೆನ್ನಿಗೇ ನಮ್ಮ ಕಡೆಯ ಕೋವಿಗಳು, ಚುನಾವಣೆ ಮುಗಿಯುವ ತನಕ ಒಪ್ಪಿಸಿಡಬೇಕೆಂದು, ಠಾಣೆಗೆ ಹೊರಟವು. ಒಂದು ಹಳೆ ಲುಂಗಿಯಲ್ಲಿ ಸುತ್ತಿಕೊಂಡು, ಇನ್ನೊಂದು ಗೋಣಿಯೊಳಗೆ ಮಲಗಿ, ಮತ್ತೊಂದು ಬೈಕಿನ ಹಿಂದೆ ಕೂತವನ ತೊಡೆಯ ಮೇಲೆ ಅಡ್ಡವಾಗಿ. ನಾವುಂದ ಇರುವುದು ಉಡುಪಿ ಜಿಲ್ಲೆಯಲ್ಲಿ. ಆದರೆ ನಮ್ಮ ಬೈಂದೂರು ವಿಧಾನಸಭಾ ಕ್ಷೇತ್ರ ಸೇರಿರುವುದು ಘಟ್ಟದ ಮೇಲಿನ ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ. ಹಾಗಾಗಿ ಪಕ್ಕದ ಕುಂದಾಪುರದವರು ಏಪ್ರಿಲ್ 26ಕ್ಕೇ ಮತ ಹಾಕಿ ಮುಗಿಸಿದರೆ ನಮ್ಮದು ಮೇ 7ಕ್ಕೆ. ಎಣಿಕೆ ಜೂನ್ 4ಕ್ಕೆ. ಗದ್ದೆಯಲ್ಲಿ ನೆಲಗಡಲೆ ಬಲಿಯುವ ಹೊತ್ತು, ಹಂದಿ ಮೂತಿ ಹಾಕುವ ಹೊತ್ತು, ಕೋವಿ ಮಾತ್ರ ಕುತ್ತಿಗೆಗೆ ಚೀಟಿ ಕಟ್ಟಿಸಿಕೊಂಡು ಠಾಣೆಯ ಮೂಲೆಯಲ್ಲಿ.

ಸರತಿ ಕಾಯುವಾಗ ನನ್ನ ಜೊತೆ ಬಂದಿದ್ದ ಹುಡುಗ, ಮುಂಬೈಯ ಹೋಟೆಲ್ ಕೆಲಸದಿಂದ ರಜೆಗೆ ಊರಿಗೆ ಬಂದವನು, ಮೊಬೈಲ್ ಮುಂದೆ ಹಿಡಿದ. ಒಂದು ಗಿಡ್ಡ ರಿವಾಲ್ವರ್‌ನ ಚಿತ್ರ. ಕೌಬಾಯ್ ಸಿನಿಮಾಗಳಲ್ಲಿ ಬರುವ ಹಳೆ ಮಾದರಿ. ನಳಿಗೆ ಮೂರೇ ಇಂಚು, ಹಿಡಿ ಹಕ್ಕಿಯ ತಲೆಯ ಹಾಗೆ ಬಾಗಿದ್ದು.

“ಮಾವ, ಈ ಕೋವಿ ಹೊತ್ಕಂಡ್ ತಿರ್ಗೂದಕ್ಕಿಂತ ಇದ್ ಸಸಾರ ಅಲ್ದಾ? ಕಿಸಿಯಂಗೇ ಹಿಡಿತ್ತ್.”

ಉತ್ತರ ಶುರು ಮಾಡಿದ್ದೆ, ಅಷ್ಟರಲ್ಲಿ ನಮ್ಮ ಹೆಸರು ಕೂಗಿದರು. ಉಳಿದದ್ದು ಇಲ್ಲಿದೆ.

ಅವನು ಗಮನಿಸದೇ ಇದ್ದದ್ದು ಒಂದು. ಅವನ ತೊಡೆಯ ಮೇಲಿದ್ದ ನಮ್ಮ ಮನೆಯ ಕೇಪಿನ ಕೋವಿ ಮತ್ತು ಮೊಬೈಲಿನಲ್ಲಿದ್ದ ಆ ಗಿಡ್ಡ ರಿವಾಲ್ವರ್ ಒಂದೇ ವಂಶದವು. ಕೋವಿಯ ಬಾಯಿಂದ ಮದ್ದು ಸುರಿದು, ಕತ್ತದ ಉಂಡೆ ತುರುಕಿ, ಚರೆ ಹಾಕಿ, ಗಜದಿಂದ ಜಡಿದು, ಹಿಂದಿನ ಮೂತಿಗೆ ಕೇಪು ಕೂರಿಸುತ್ತೇವೆ. ಆ ಕೇಪಿನ ಮೇಲೆ ಬಂದು ಬಡಿಯುವ ಕಬ್ಬಿಣದ ಕೊಕ್ಕಿಗೆ ನಮ್ಮವರು ಇಟ್ಟ ಹೆಸರು ಕುದುರೆ. ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದರೆ ಅದು ನಿಲ್ಲುತ್ತದೆ. ಟ್ರಿಗರ್ ಒತ್ತಿದರೆ ಬೀಳುತ್ತದೆ. ಟ್ರಿಗರ್‌ಗೆ ಇರುವುದು ಬೀಳಿಸುವ ಕೆಲಸವೊಂದೇ, ಎಳೆಯುವ ಕೆಲಸ ಅದರದ್ದಲ್ಲ. ಸಿಂಗಲ್ ಆಕ್ಷನ್ ಎಂದರೆ ಇಷ್ಟೇ. 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಹೋದ ಕೋಲ್ಟ್ ರಿವಾಲ್ವರ್‌ಗೂ ಇದೇ ಕ್ರಮ. ಡಬಲ್ ಆಕ್ಷನ್ನಿನಲ್ಲಿ ಟ್ರಿಗರ್ ಒಂದೇ ಕುದುರೆಯನ್ನು ಎತ್ತುತ್ತದೆ, ಬೀಳಿಸುತ್ತದೆ. ಅದಕ್ಕೇ ಅದು ಬಿಗಿ, ಒತ್ತುವ ದೂರವೂ ಉದ್ದ. ಕಾನ್ಪುರದ ಸರ್ಕಾರಿ ಕಾರ್ಖಾನೆ ನಾಗರಿಕರಿಗೆ ಮಾಡಿಕೊಡುವ .32 ರಿವಾಲ್ವರ್ ಆ ಜಾತಿಯದು, ಇಂಗ್ಲೆಂಡಿನ ವೆಬ್ಲಿಯ ಮೊಮ್ಮಗ. ಸಿಂಗಲ್ ಆಕ್ಷನ್ನಿನ ಟ್ರಿಗರ್ ಹಾಗಲ್ಲ. ಕುದುರೆ ಪೂರ್ತಿ ಎಳೆದು ನಿಂತ ಮೇಲೆ ಅದಕ್ಕೆ ಬೆರಳು ಸೋಕಿದರೆ ಸಾಕು.

ಹಾಗಾದರೆ ಅಪಾಯ ಗುಂಡು ಹಾರಿಸುವ ಗಳಿಗೆಯಲ್ಲಿದೆಯೇ? ನನ್ನ ಮಟ್ಟಿಗೆ ಇಲ್ಲ. ಹಾರಿಸುವಾಗ ಎಲ್ಲರೂ ಎಚ್ಚರದಲ್ಲಿರುತ್ತಾರೆ. ಕುದುರೆಯ ಜಾತಿಯ ಬಂದೂಕು ಕೈಕೊಡುವುದು ಹಾರಿಸದೇ ಇರುವಾಗ: ಹೆಗಲಿಗೇರಿಸಿ ನಡೆಯುವಾಗ, ಗೋಡೆಗೆ ಒರಗಿಸುವಾಗ, ಹಂದಿ ಬರಲಿಲ್ಲವೆಂದು ಎಳೆದ ಕುದುರೆಯನ್ನು ಮೆಲ್ಲನೆ ಇಳಿಸುವಾಗ.

ಕುದುರೆಗೆ ಮೂರು ನಿಲುವು. ಪೂರ್ತಿ ಕೆಳಗೆ, ಪೂರ್ತಿ ಮೇಲೆ, ಮಧ್ಯೆ ಒಂದು ಅರ್ಧ. ಅರ್ಧದಲ್ಲಿದ್ದಾಗ ಟ್ರಿಗರ್ ಒತ್ತಿದರೂ ಕುದುರೆ ಬೀಳಬಾರದು, ಅದು ಕಟ್ಟಳೆ. ಕೋಲ್ಟಿನಲ್ಲಿ ಇದು ಇನ್ನೂ ಸೂಕ್ಷ್ಮ. ಎಳೆಯುತ್ತಾ ಹೋದರೆ ನಾಲ್ಕು ಸಲ ಟಿಕ್ ಎನ್ನುತ್ತದೆ. ಮೊದಲ ಟಿಕ್ ರಕ್ಷಣೆಯ ಕಚ್ಚು, ಎರಡನೆಯದು ತೋಟೆ ತುಂಬುವಾಗ ಅದರ ಗೂಡುಗಳಿರುವ ಉರುಳೆ ಸಲೀಸಾಗಿ ತಿರುಗಲೆಂದು ಇರುವ ಅರ್ಧ, ಕೊನೆಯದು ಪೂರ್ತಿ. ಕಟ್ಟಳೆ ಹೇಳುವುದು ಬೇರೆ, ಕಬ್ಬಿಣ ಮಾಡುವುದು ಬೇರೆ. ಕಚ್ಚು ಎಂದರೆ ಕುದುರೆಯ ಬುಡದಲ್ಲಿ ಕೊರೆದ ಸಣ್ಣ ತೋಡು. ಅದರಲ್ಲಿ ಟ್ರಿಗರ್‌ನ ತೆಳು ಅಂಚು ಸಿಕ್ಕಿ ನಿಂತಿರುತ್ತದೆ. ನೂರು ವರ್ಷ ತಿಕ್ಕಾಡಿದ ಮೇಲೆ ತೋಡು ಸವೆಯುತ್ತದೆ, ಅಂಚು ಮುರಿಯುತ್ತದೆ. ಇಡೀ ಬಂದೂಕಿನ ಭಾರ ಆ ಅಂಚಿನ ಮೇಲೆ ಬೀಳುವಂತೆ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಹೊಸ ಬಂದೂಕಿನ ಕಚ್ಚೂ ಉಳಿಯಲಿಕ್ಕಿಲ್ಲ.

ಈ ಪಾಠ ದೊಡ್ಡವರಿಗೂ ಆಗಿದೆ. ಸಿನಿಮಾಗಳು ತಲೆ ಮೇಲೆ ಹೊತ್ತ ಪೊಲೀಸ್ ವೈಯಟ್ ಅರ್ಪ್ 1876ರ ಜನವರಿಯಲ್ಲಿ ವಿಚಿಟಾ ಊರಿನ ಸಲೂನಿನ ಹಿಂದಿನ ಕೋಣೆಯಲ್ಲಿ ಕೂತಿದ್ದಾಗ ರಿವಾಲ್ವರ್ ಚೀಲದಿಂದ ಜಾರಿ ಕುರ್ಚಿಗೆ ಬಡಿಯಿತು. ಕುದುರೆ ತುಂಬಿದ ಗೂಡಿನ ಮೇಲೆ ಕೂತಿತ್ತು. ಗುಂಡು ಅವನ ಕೋಟನ್ನು ತೂರಿ ಮಾಡು ಸೇರಿತು. ಊರಿನ ಪತ್ರಿಕೆ ಅದನ್ನು ಅಚ್ಚು ಹಾಕಿತು. ಸಿನಿಮಾದವರು ಮಾತ್ರ ಆ ಸಂಗತಿಯನ್ನು ಬಿಟ್ಟರು.

ಹಾಗಾಗಿಯೇ ತಿಳಿದವರು ಆರು ಗೂಡಿನ ರಿವಾಲ್ವರ್‌ಗೆ ಐದೇ ತೋಟೆ ತುಂಬುತ್ತಿದ್ದರು. ತುಂಬಲು ಒಂದು ಲೆಕ್ಕವಿತ್ತು: ಒಂದು ಹಾಕು, ಒಂದು ಬಿಡು, ನಾಲ್ಕು ಹಾಕು. ಆಮೇಲೆ ಕುದುರೆಯನ್ನು ಪೂರ್ತಿ ಎಳೆದು ಇಳಿಸಿದರೆ ಅದು ಖಾಲಿ ಗೂಡಿನ ಮೇಲೆ ಬಂದು ಕೂರುತ್ತದೆ. ನಮ್ಮ ಅಜ್ಜಯ್ಯ ಕೋಲ್ಟನ್ನು ಕಂಡವರಲ್ಲ, ಆದರೆ ಅವರ ಕ್ರಮವೂ ಅದೇ: ಕೋವಿ ಹೆಗಲ ಮೇಲೆ, ಕೇಪು ಸೊಂಟದ ಡಬ್ಬಿಯಲ್ಲಿ. ಹಂದಿ ಗದ್ದೆಗೆ ಇಳಿದದ್ದು ಕಿವಿಗೆ ಬಿದ್ದ ಮೇಲೆಯೇ ಕೇಪು ಮೂತಿಗೆ. ಕೇಪಿಲ್ಲದ ಕುದುರೆ ಬಿದ್ದರೆ ಟಪ್ ಎಂದು ಸದ್ದಾಗುತ್ತದೆ, ಅಷ್ಟೇ. 1973ರಲ್ಲಿ ಅಮೆರಿಕದ ರೂಗರ್ ಕಂಪನಿ ಕುದುರೆಗೂ ತೋಟೆಗೂ ನಡುವೆ ಒಂದು ಉಕ್ಕಿನ ಪಟ್ಟಿ ತಂದಿತು. ಟ್ರಿಗರ್ ಒತ್ತಿ ಹಿಡಿದಾಗ ಮಾತ್ರ ಆ ಪಟ್ಟಿ ಮೇಲೆದ್ದು ಏಟನ್ನು ದಾಟಿಸುತ್ತದೆ. ಆ ಪಟ್ಟಿ ಇರುವ ಹೊಸ ರಿವಾಲ್ವರ್‌ಗೆ ಆರೂ ತುಂಬಬಹುದು. ಹಳೆಯದನ್ನು ಚಾಚೂ ತಪ್ಪದೆ ನಕಲು ಮಾಡಿದ್ದಕ್ಕೆ ಈಗಲೂ ಐದೇ. ಹೊರಗಿನಿಂದ ನೋಡಿ ಯಾವುದು ಯಾವುದೆಂದು ಹೇಳುವುದು ಕಷ್ಟ. ಗಿಡ್ಡ ಹಳೆ ಮಾದರಿಯ ಮೊದಲ ಕುತ್ತು ಅದೇ.

ಉರುಳೆಯ ಸಂಗತಿ ಬಂತಲ್ಲ, ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ಯನ್ನು ನೆನಪು ಮಾಡಿಕೊಳ್ಳಿ. 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾದದ್ದು. ಗಬ್ಬರ್ ಸಿಂಗ್ ಸೋತು ಬಂದ ಮೂವರನ್ನು ನಿಲ್ಲಿಸಿ, ಆರು ಗುಂಡಿನಲ್ಲಿ ಮೂರನ್ನು ಆಕಾಶಕ್ಕೆ ಹಾರಿಸಿ, ಉರುಳೆಯನ್ನು ಗರ್ರನೆ ತಿರುಗಿಸಿ, ಒಬ್ಬೊಬ್ಬರ ತಲೆಗೂ ಹಿಡಿದು ಟ್ರಿಗರ್ ಒತ್ತುತ್ತಾನೆ. ಮೂರೂ ಖಾಲಿ. ಎಲ್ಲರೂ ನಗುತ್ತಾರೆ. ಆಮೇಲೆ ಮೂರು ಗುಂಡು, ಮೂರು ಹೆಣ. ಸಿನಿಮಾ ಎಂದು ನಾವು ನಂಬಿಬಿಟ್ಟೆವು, ಆದರೆ ಆ ಯಂತ್ರದ ಲೆಕ್ಕವೂ ತಪ್ಪಿಲ್ಲ. ಸಾಲಾಗಿ ಹಾರಿಸಿದ ಮೂರು ಗೂಡುಗಳು ಅಕ್ಕಪಕ್ಕ ಖಾಲಿ ಬಿದ್ದಿರುತ್ತವೆ, ತುಂಬಿದ ಮೂರೂ ಅಕ್ಕಪಕ್ಕ. ತಿರುಗಿಸಿ ಬಿಟ್ಟ ಮೇಲೆ ಮೊದಲ ಒತ್ತಿಗೆ ಖಾಲಿಯ ಸಾಲಿನ ಮೊದಲ ಗೂಡೇ ಎದುರು ಬಂದು ನಿಂತರೆ ಮಾತ್ರ ಮೂವರೂ ಉಳಿಯುತ್ತಾರೆ; ಆರರಲ್ಲಿ ಒಂದು ಪಾಲು. ಹಾಗೆ ನಿಂತ ಮೇಲೆ ಮುಂದಿನ ಮೂರೂ ಗುಂಡೇ, ತಪ್ಪುವಂತಿಲ್ಲ. ಖಾಲಿ ಸದ್ದು ಮೂರು ಸಲ ಕೇಳಿದ ಕೂಡಲೇ ನಕ್ಕವರು ಅಳಬೇಕಿತ್ತು.

ಕೇಪಿನ ಕೋವಿಯಲ್ಲೂ ಇಂಥದೇ ಒಂದು ಮೋಸವಿದೆ. ಬಾಯಿಂದ ತುಂಬಿದ ಕೋವಿ ತುಂಬಿದೆಯೇ ಖಾಲಿಯೇ ಎಂದು ಹೊರಗಿನಿಂದ ತಿಳಿಯುವುದಿಲ್ಲ. ತೋಟೆ ಕೋವಿಯಾದರೆ ಮುರಿದು ನೋಡಬಹುದು, ಇದನ್ನು ಮುರಿಯುವಂತಿಲ್ಲ. ಕೇಪು ಇಲ್ಲವೆಂದು ಖಾಲಿ ಎಂದುಕೊಂಡು ಅದರ ಮೇಲೆ ಇನ್ನೊಂದು ಮದ್ದು ಜಡಿದವರಿದ್ದಾರೆ. ಹಾಗೆ ಎರಡು ಹೊಟ್ಟೆ ತುಂಬಿದ ನಳಿಗೆ ಸೀಳುತ್ತದೆ. ಅಜ್ಜಯ್ಯ ಗಜದ ಮೇಲೆ ಎರಡು ಗೀಟು ಕೊರೆದಿಟ್ಟಿದ್ದರು. ಗಜವನ್ನು ಬುಡದ ತನಕ ಇಳಿಸಿದಾಗ ಮೇಲಿನ ಗೀಟು ಕೋವಿಯ ಬಾಯಿಗೆ ಬಂದರೆ ಖಾಲಿ. ಮೊದಲೇ ತಡೆದು ಕೆಳಗಿನ ಗೀಟು ಅಲ್ಲಿ ನಿಂತರೆ ಒಳಗೆ ಮದ್ದಿದೆ. “ಕೋವಿ ಹೊಟ್ಟಿಯಂಗೆ ಎಂತ ಇತ್ತ್ ಅಂದೇಳಿ ಗಜ ಹೇಳ್ಕ್, ಬಾಯಿ ಹೇಳೂಕಾಗ” ಎನ್ನುತ್ತಿದ್ದರು. ಒತ್ತಿದರೂ ಹಾರದ ಈಡಿನ ವಿಷಯದಲ್ಲೂ ಅವರು ಗಟ್ಟಿ. ನಮ್ಮ ಮಳೆಗಾಲದ ತೇವಕ್ಕೆ ಕೇಪು ಸಿಡಿದೂ ಮದ್ದು ಕೂಡಲೇ ಹತ್ತದೆ, ಒಳಗೇ ಕುಮುಲಿ, ಕೆಲವು ಕ್ಷಣ ತಡೆದು ಢಂ ಎನ್ನುವುದುಂಟು. ಹಾಗಾಗಿ ಹಾರದ ಕೋವಿಯನ್ನು ಕೆಳಗಿಳಿಸದೆ, ಒಳಗೆ ಇಣುಕದೆ, ಜನವಿಲ್ಲದ ದಿಕ್ಕಿಗೇ ಹಿಡಿದು ಅರ್ಧ ನಿಮಿಷಕ್ಕೂ ಹೆಚ್ಚು ಹಾಗೇ ನಿಲ್ಲಬೇಕು. ಒಂದು ಬಾಯಿ ಎಲೆ ಅಡಿಕೆ ಜಗಿದು ಮುಗಿಯುವಷ್ಟು ಎಂಬುದು ಅವರ ಅಳತೆ.

ಈಗ ಹುಡುಗನ ಕಿಸೆಯ ಮಾತಿಗೆ ಬರುತ್ತೇನೆ. ಗಿಡ್ಡವಾದರೆ ಸಸಾರ ಎಂಬುದು ಹೊರುವುದಕ್ಕೆ ಮಾತ್ರ ನಿಜ.

ಕೋವಿ ಹಿಡಿದು ಬೆಳೆದವನ ಎಡಗೈ ತಾನಾಗಿ ನಳಿಗೆಯ ಕೆಳಗೆ ಹೋಗುತ್ತದೆ. ಕೋವಿಗೆ ಅದೇ ಸರಿ. ರಿವಾಲ್ವರ್‌ನಲ್ಲಿ ಅದೇ ಅಭ್ಯಾಸ ಬೆರಳು ತೆಗೆಯುತ್ತದೆ. ಉರುಳೆ ತಿರುಗಬೇಕಾದ್ದರಿಂದ ಅದಕ್ಕೂ ನಳಿಗೆಗೂ ನಡುವೆ ಕಾಗದದಷ್ಟು ಸಂದು ಬಿಡಲೇಬೇಕು. ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲು. ಹಾರಿಸಿದಾಗ ಆ ಸಂದಿನಿಂದ ಎರಡೂ ಪಕ್ಕಕ್ಕೆ ಬೆಂಕಿಯ ಗಾಳಿ ಚಿಮ್ಮುತ್ತದೆ, ಜೊತೆಗೆ ಸೀಸದ ಚೂರು. ನಳಿಗೆ ಉದ್ದವಿದ್ದರೆ ಆಸರೆಯ ಕೈಗೆ ಬೇರೆ ಜಾಗ ಹುಡುಕಬಹುದು. ಮೂರು ಇಂಚಿನದರಲ್ಲಿ ಮುಂದೆ ಹಿಡಿಯಲು ಉಳಿಯುವುದು ಎರಡೇ ಜಾಗ: ಆ ಸಂದು, ಇಲ್ಲವೇ ಬಾಯಿ. ಎರಡು ಕೈಯೂ ಹಿಡಿಯ ಮೇಲೆಯೇ ಇರಬೇಕು, ಉರುಳೆಯ ಮುಂದೆ ಒಂದು ಬೆರಳೂ ಹೋಗಬಾರದು.

ಆದರೆ ಹಿಡಿಯಲ್ಲಿ ಜಾಗ ಎಲ್ಲಿದೆ? ಹಳೆ ಕೋಲ್ಟಿನ ಹಿಡಿ ನೇಗಿಲಿನ ಮೇಣಿಯ ಹಾಗೆ ಬಾಗಿದ್ದು. ಹಾರಿಸಿದಾಗ ಅದು ಒದೆಯುವುದಿಲ್ಲ, ಅಂಗೈಯೊಳಗೆ ಮೇಲಕ್ಕೆ ಉರುಳುತ್ತದೆ. ಕುದುರೆ ತಾನಾಗಿ ಹೆಬ್ಬೆರಳಿನ ಹತ್ತಿರ ಬರುತ್ತದೆ, ಮುಂದಿನ ಈಡಿಗೆ ಎಳೆಯಲು ಅನುಕೂಲ. ಜಾಣ ಆಕಾರ. ಅದನ್ನೇ ಹಕ್ಕಿತಲೆಯಂತೆ ಕತ್ತರಿಸಿದರೆ ಕಿರುಬೆರಳಿಗೆ ಆಸರೆಯಿಲ್ಲ. ಭಾರ ಕಡಿಮೆ, ಮದ್ದು ಅಷ್ಟೇ. ಹಾಗಾಗಿ ಉರುಳುವುದು ಜಿಗಿತವಾಗುತ್ತದೆ. ಬೆವರಿದ ಕೈಯಲ್ಲಿ, ಅದೂ ಏಪ್ರಿಲ್ ತಿಂಗಳ ಕರಾವಳಿಯ ಬೆವರಿನಲ್ಲಿ, ಪ್ರತಿ ಈಡಿನ ನಂತರ ಹಿಡಿತವನ್ನು ಹೊಸದಾಗಿ ಹುಡುಕಬೇಕು. ಹುಡುಕುವ ಆ ಗಳಿಗೆಯಲ್ಲಿ ಬೆರಳು ಟ್ರಿಗರ್‌ನ ಒಳಗಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಕುದುರೆ ಇಳಿಸುವುದಂತೂ ಇದರಲ್ಲಿ ಇನ್ನೂ ನಾಜೂಕು. ಎಳೆದ ಕುದುರೆಯನ್ನು ಹಾರಿಸದೆ ಇಳಿಸಬೇಕೆಂದರೆ ಹೆಬ್ಬೆರಳು ಅದನ್ನು ಬಿಗಿ ಹಿಡಿದಿರುವಾಗಲೇ ಟ್ರಿಗರ್ ಒತ್ತಿ, ಭಾರವನ್ನು ಹೆಬ್ಬೆರಳಿಗೆ ತೆಗೆದುಕೊಂಡು, ಇಂಚಿಂಚಾಗಿ ಕೆಳಗೆ ಬಿಡಬೇಕು. ಕುದುರೆ ಚಲಿಸಲು ಶುರುವಾದ ಕೂಡಲೇ ಟ್ರಿಗರ್‌ನಿಂದ ಬೆರಳು ತೆಗೆದುಬಿಟ್ಟರೆ, ಹೆಬ್ಬೆರಳು ಜಾರಿದರೂ ನಡುವಿನ ಕಚ್ಚು ಹಿಡಿದುಕೊಂಡೀತು. ನಮ್ಮವರು ತೆಂಗಿನೆಣ್ಣೆ ಮುಟ್ಟಿದ ಕೈಯಲ್ಲಿ ಕೋವಿ ಮುಟ್ಟಬೇಡ ಎನ್ನುತ್ತಿದ್ದದ್ದು ಹೀಗೆ ಜಾರೀತೆಂದೇ. ಉದ್ದ ಕೋವಿಯ ಕುದುರೆ ಕೈಜಾರಿದರೆ ಈಡು ಮಾಡಿನ ಹಂಚಿಗೆ ಹೋದೀತು, ಏಕೆಂದರೆ ಅಷ್ಟುದ್ದದ ಬಾಯಿಯನ್ನು ತನ್ನ ಕಡೆಗೇ ತಿರುಗಿಸಿಕೊಳ್ಳುವುದು ಕಷ್ಟ. ಮೂರು ಇಂಚಿನದು ಕುದುರೆ ಇಳಿಸುವ ಹೊತ್ತಿಗೆ ಎತ್ತ ನೋಡುತ್ತಿದೆಯೆಂದು ಹಿಡಿದವನಿಗೇ ನೆನಪಿರುವುದಿಲ್ಲ: ಒಮ್ಮೆ ಮೊಣಕಾಲು, ಒಮ್ಮೆ ಎಡಗೈ, ಒಮ್ಮೆ ಪಕ್ಕದಲ್ಲಿ ಕೂತವನು. ಗಿಡ್ಡ ಬಂದೂಕಿನ ಬಗ್ಗೆ ನನ್ನ ತಕರಾರು ಹೆಚ್ಚೂ ಕಡಿಮೆ ಇದೊಂದೇ.

ಗುರಿಯ ಲೆಕ್ಕವೂ ಒಂದಿಷ್ಟು ಇರಲಿ. ಗುರಿ ನೋಡುವ ಹಿಂದಿನ ಕಚ್ಚಿಗೂ ಮುಂದಿನ ಕಡ್ಡಿಗೂ ನಡುವೆ ಹತ್ತು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕಡ್ಡಿ ಒಂದು ಮಿಲಿಮೀಟರ್ ಆಚೀಚೆಯಾದರೆ ಹತ್ತು ಮೀಟರ್ ದೂರದಲ್ಲಿ, ಅಂದರೆ ಅಂಗಳದ ತುದಿಯ ತೆಂಗಿನ ಮರದಲ್ಲಿ, ಗುಂಡು ಹತ್ತು ಸೆಂಟಿಮೀಟರ್ ಸರಿಯುತ್ತದೆ. ತೊಂಬತ್ತು ಸೆಂಟಿಮೀಟರ್ ನಳಿಗೆಯ ಮೇಲೆ ಕಣ್ಣು ಹಾಯಿಸಿದವನು ಅದೇ ತಪ್ಪು ಮಾಡಿದರೆ ಸರಿಯುವುದು ಒಂದು ಸೆಂಟಿಮೀಟರಿಗೆ ತುಸು ಹೆಚ್ಚು. ಅದರ ಮೇಲೆ ಗಿಡ್ಡ ನಳಿಗೆಯಲ್ಲಿ ಮದ್ದು ಪೂರ್ತಿ ಉರಿಯಲು ಎಡೆ ಸಾಲದೆ ಉಳಿದದ್ದು ಬಾಯಿಯ ಹೊರಗೆ ಉರಿಯುತ್ತದೆ. ಬೆಳಕು ಜಾಸ್ತಿ, ಸದ್ದು ಜಾಸ್ತಿ, ಕೆಲಸ ಕಡಿಮೆ.

ನಮ್ಮ ಕಾನೂನೂ ಉದ್ದವನ್ನು ಅಳೆಯುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು, ಆತ್ಮರಕ್ಷಣೆಗೋ ಕ್ರೀಡೆಗೋ ಬೇಕಾದ ನುಣುಪು ಕೋವಿಯ ನಳಿಗೆಯ ಉದ್ದ 20 ಇಂಚಿಗೆ ಕಡಿಮೆಯಿರಬಾರದು ಎನ್ನುತ್ತದೆ; ಅದರ ಜೊತೆಯಲ್ಲೇ, ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿ ಎಂದು ಹೆಸರಿಟ್ಟು ಹೇಳುತ್ತದೆ. ಈ ಎರಡಕ್ಕೆ ಪರವಾನಗಿಯ ದಾರಿ ಬೇರೆ, ರಿವಾಲ್ವರ್‌ನದು ಬೇರೆ. 6ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ನಳಿಗೆ ಕೊಯ್ದು ಗಿಡ್ಡ ಮಾಡುವುದೇ ಅಪರಾಧ, ಆಟಿಕೆಯಂಥ ನಕಲಿಯನ್ನು ಅಸಲಿಯಾಗಿ ಮಾಡುವುದೂ ಅಪರಾಧ. ಅಟ್ಟದ ಪೆಟ್ಟಿಗೆಯಲ್ಲಿ ಮುತ್ತಜ್ಜನ ಪಿಸ್ತೂಲು ಸಿಕ್ಕಿತು, ಪುರಾತನ ವಸ್ತುವಲ್ಲವೇ ಎನ್ನುವವರು 45ನೇ ಕಲಮನ್ನು ಪೂರ್ತಿ ಓದಬೇಕು. ಹಳೆ ಮಾದರಿಯ, ಪುರಾತನ ಮೌಲ್ಯದ, ಕೆಟ್ಟುಹೋದ ಆಯುಧಕ್ಕೆ ಅಲ್ಲಿ ವಿನಾಯಿತಿ ಇದೆ, ನಿಜ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಕೆಲಸ ಮಾಡುವಂತಿರಬಾರದು. ಕುದುರೆ ಎದ್ದು ಬೀಳುತ್ತಿದ್ದರೆ ಆ ವಿನಾಯಿತಿಯನ್ನು ನೆಚ್ಚಿಕೊಳ್ಳುವುದು ಬೇಡ. ಬಾಯಿ ನೆಲಕ್ಕೆ ತಿರುಗಿಸಿಟ್ಟು ಠಾಣೆಗೆ ತಿಳಿಸುವುದೇ ಸರಿ. ಕೊಡವರಿಗೆ ಇರುವ ಪರವಾನಗಿಯ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡಗಿನ ನೆಂಟರ ಮನೆಯಲ್ಲಿ ಕಂಡದ್ದನ್ನು ಇಲ್ಲಿಗೆ ಅನ್ವಯಿಸಿಕೊಳ್ಳುವ ಹಾಗಿಲ್ಲ.

ಇನ್ನು ತುಕ್ಕು. ಮರವಂತೆಯಿಂದ ಬೀಸುವ ಉಪ್ಪುಗಾಳಿಗೆ ಕಿಟಕಿಯ ಸರಳೇ ಕರಗುವ ಊರು ನಮ್ಮದು. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವವನ್ನು ಹೀರುತ್ತದೆ, ಹಳೆ ಬಗೆಯ ಕೇಪು ಸಿಡಿದು ಉಳಿಸುವುದೂ ಒಂದು ಉಪ್ಪನ್ನೇ. ಎಣ್ಣೆಗೆ ಇವೆರಡೂ ಬಗ್ಗುವುದಿಲ್ಲ, ಬಿಸಿನೀರಿಗೆ ಬಗ್ಗುತ್ತವೆ. ಕುದಿನೀರು ಹೊಯ್ದು ತೊಳೆದು, ನಳಿಗೆ ಬಿಸಿಯಿರುವಾಗಲೇ ಒರೆಸಿ, ಆಮೇಲೆ ಎಣ್ಣೆ. ಅದೂ ತೆಂಗಿನೆಣ್ಣೆಯಲ್ಲ, ಅದು ಕುದುರೆಯ ಬುಡದಲ್ಲಿ ಅಂಟಾಗಿ, ದೂಳು ಹಿಡಿದು, ಕಚ್ಚಿನೊಳಗೆ ಟ್ರಿಗರ್‌ನ ಅಂಚು ಪೂರ್ತಿ ಕೂರದಂತೆ ಮಾಡುತ್ತದೆ. ಹೊಲಿಗೆ ಮಿಷನ್ನಿನ ತೆಳು ಎಣ್ಣೆ ಒಳ್ಳೆಯದು. ಗಿಡ್ಡ ರಿವಾಲ್ವರ್‌ಗೆ ಇಲ್ಲೂ ಒಂದು ಪೀಡೆ ಜಾಸ್ತಿ. ಖಾಲಿ ತೋಟೆಯನ್ನು ಹೊರತಳ್ಳುವ ಕಡ್ಡಿ ನಳಿಗೆಯ ಪಕ್ಕದಲ್ಲೇ ಇರುವುದರಿಂದ ನಳಿಗೆ ಗಿಡ್ಡವಾದಷ್ಟೂ ಕಡ್ಡಿಯೂ ಗಿಡ್ಡ. ತೋಟೆ ಮುಕ್ಕಾಲು ಹೊರಬಂದು ನಿಲ್ಲುತ್ತದೆ, ಉಳಿದದ್ದನ್ನು ಉಗುರಿನಿಂದ ಕೀಳಬೇಕು. ‘ಶೆರಿಫ್’ ಎಂದು ಕರೆಸಿಕೊಳ್ಳುವ ಕೋಲ್ಟುಗಳಲ್ಲಿ ಆ ಕಡ್ಡಿಯೇ ಇರಲಿಲ್ಲ. ಬೇರೆ ಕಡ್ಡಿ ಹಿಡಿದು ಒಂದೊಂದಾಗಿ ತಿವಿಯಬೇಕು. ಒಂದೊಂದು ತಿವಿತಕ್ಕೂ ಬಾಯಿ ಎತ್ತ ತಿರುಗಿದೆ ಎಂಬ ಅದೇ ಪ್ರಶ್ನೆ.

ಜೂನ್‌ನಲ್ಲಿ ಕೋವಿ ವಾಪಸು ತರುವ ಹೊತ್ತಿಗೆ ಮಳೆ ಹಿಡಿದಿತ್ತು, ನೆಲಗಡಲೆ ಗದ್ದೆಯಲ್ಲಿ ಹಂದಿ ಬಿಟ್ಟುಹೋದ ಗುಂಡಿಗಳಲ್ಲಿ ನೀರು ನಿಂತಿತ್ತು. ಹುಡುಗ ಮುಂಬೈಗೆ ಹೋಗಿಯಾಗಿತ್ತು. ಮನೆಗೆ ಬಂದು ಗೋಣಿ ಬಿಚ್ಚಿ ಜಗಲಿಯ ತುದಿಗೆ ಹೋಗಿ, ಬಾಯಿಯನ್ನು ತೋಟದ ಕಡೆಗೆ ಹಿಡಿದು, ಕುದುರೆಯನ್ನು ಅರ್ಧ ಎಳೆದು ಕೇಪಿನ ಮೂತಿ ನೋಡಿದೆ. ಖಾಲಿ. ನಾನೇ ಖಾಲಿ ಮಾಡಿ ಕೊಟ್ಟ ಕೋವಿ. ಆದರೂ ಗಜ ಇಳಿಸಿದೆ. ಮೇಲಿನ ಗೀಟು ಬಾಯಿಗೆ ಬಂದು ನಿಂತಿತು. ಎತ್ತಿದಾಗ ಗಜದ ತುದಿಗೆ ಕೆಂಪು ತುಕ್ಕಿನ ಪುಡಿ, ಒಂದೆಳೆ ಜೇಡರ ಬಲೆ. ಮಿಷನ್ನಿನ ಎಣ್ಣೆಯ ಡಬ್ಬಿ ಹುಡುಕಲು ಒಳಗೆ ಹೋದೆ.